ಕರಿತಲೆ ಟಗರು, ಕೆಂಪು ಕುರಿ

ಆಫ್ರಿಕಾಕ್ಕೆ ಹೋಗಿ ಬಂದವರು ಸಿಂಹದ ಮಾತಾಡಬೇಕು, ಆನೆಯ ಮಾತಾಡಬೇಕು. ಕುರಿಯ ಮಾತು ತೆಗೆದರೆ ಕೇಳುವವರು ನಗುತ್ತಾರೆ. ಆದರೂ ದಕ್ಷಿಣ ಆಫ್ರಿಕಾದ ಕರೂ ಸೀಮೆಯನ್ನೂ ಕೆನ್ಯಾದ ಮಾಸಾಯಿ ಬಯಲನ್ನೂ ಒಂದರ ಬೆನ್ನಿಗೆ ಒಂದು ನೋಡಿ ಬಂದ ಮೇಲೆ ಬಿಡದೆ ಕೊರೆಯುತ್ತಿರುವುದು ಕುರಿಯೇ. ಮೈಯೆಲ್ಲ ಬಿಳಿ, ತಲೆ ಕತ್ತು ಮಾತ್ರ ಕಪ್ಪು. ಡಾರ್ಪರ್ ಎಂಬ ಈ ಬೆರಕೆ ತಳಿ ಒಂದು ನಾಡಿನಲ್ಲಿ ಒಣಭೂಮಿಯ ಒಕ್ಕಲುತನಕ್ಕೆ ಆಸರೆಯಾಗಿ ನಿಂತಿತು; ಅದೇ ಟಗರು ಇನ್ನೊಂದು ನಾಡಿಗೆ ಹೋಗಿ ಅಲ್ಲಿನ ಮೂಲ ತಳಿ ಹುಡುಕಾಡಿದರೆ ಮಾತ್ರ ಸಿಗುವಂತೆ ಮಾಡಿತು. ಎರಡೂ ಕಡೆ ಜನ ಬಯಸಿದ್ದು ಒಂದನ್ನೇ, ದೊಡ್ಡ ಮರಿ. ಎರಡೂ ಕಡೆ ಗುರುತು ಹಿಡಿದದ್ದೂ ಒಂದರಿಂದಲೇ, ಮೈಬಣ್ಣದಿಂದ. ಫಲ ಮಾತ್ರ ಬೇರೆಯಾಯಿತು. ಅದು ಯಾಕೆ ಎಂದು ಯೋಚಿಸುತ್ತ ಹೋದಂತೆ ನನಗೆ ತೋರಿದ್ದು ಇಷ್ಟು: ಬೆರಕೆಯಿಂದ ಬರುವ ಲಾಭದಲ್ಲಿ ಕಣ್ಣಿಗೆ ಬೀಳುವುದು ಸಣ್ಣ ಪಾಲು, ದೊಡ್ಡ ಪಾಲು ಇರುವುದು ಯಾರೂ ತಿರುಗಿ ನೋಡದ ತಾಯಿಕುರಿಯಲ್ಲಿ. ಆ ತಾಯಿಯ ತಳಿಯನ್ನು ಕಾಪಾಡಿಕೊಂಡು ಮಾಡಿದ ಬೆರಕೆ ಬಾಳುತ್ತದೆ. ಅದನ್ನೇ ತಿಂದು ಹಾಕುವ ಬೆರಕೆ ಒಂದೆರಡು ತಲೆಮಾರು ಮಿಂಚಿ ಆಮೇಲೆ ಕೈ ಕೊಡುತ್ತದೆ.

ಕೇಪ್ ಟೌನ್ ಬಿಟ್ಟ ಹೆದ್ದಾರಿ ಮೊದಲು ಹೆಕ್ಸ್ ನದಿಯ ಕಣಿವೆಯ ದ್ರಾಕ್ಷಿ ತೋಟಗಳ ನಡುವೆ ಸಾಗುತ್ತದೆ. ಘಟ್ಟ ಹತ್ತಿ ಮೇಲೆ ಬಂದರೆ ಹಸಿರು ಒಮ್ಮೆಗೇ ಮುಗಿಯುತ್ತದೆ. ಮುಂದೆ ಲೇಂಗ್ಸ್‌ಬರ್ಗ್, ಬೋಫರ್ಟ್ ವೆಸ್ಟ್ ಎಂದು ಒಂದೊಂದೇ ಊರು, ನಡುವೆ ಗಂಟೆಗಟ್ಟಲೆ ಬಯಲು. ತಲೆ ಚಪ್ಪಟೆಯಾದ ಗುಡ್ಡಗಳು, ಗಾಳಿಗೆ ತಿರುಗಿ ನೀರೆತ್ತುವ ಕಬ್ಬಿಣದ ಚಕ್ರಗಳು, ಮೊಣಕಾಲೆತ್ತರದ ಬೂದುಬಣ್ಣದ ಪೊದೆಗಳು. ಚಿತ್ರದುರ್ಗದಿಂದ ಬಳ್ಳಾರಿಯ ಕಡೆ ಬೇಸಿಗೆಯಲ್ಲಿ ಹೋದವರಿಗೆ ನೆಲದ ಬಣ್ಣ ಪರಿಚಿತ ಅನ್ನಿಸೀತು. ಅನ್ನಿಸದೇ ಇರುವುದು ಮನುಷ್ಯರಿಲ್ಲದಿರುವುದು. ನಮ್ಮ ಬಯಲಿನಲ್ಲಿ ಕುರಿ ಕಂಡಲ್ಲಿ ಹೆಗಲ ಮೇಲೆ ಕಂಬಳಿ ಹಾಕಿಕೊಂಡ ಒಬ್ಬರು ಇದ್ದೇ ಇರುತ್ತಾರೆ. ಇಲ್ಲಿ ಮೈಲಿಗಟ್ಟಲೆ ತಂತಿಬೇಲಿ, ಅದರೊಳಗೆ ತಮ್ಮ ಪಾಡಿಗೆ ಮೇಯುವ ಕುರಿ, ಕಾಯುವವರು ಯಾರೂ ಇಲ್ಲ. ನರಿಯ ಕಾಟ ತಡೆಯಲು ಹಾಕಿದ ಬೇಲಿ ಇನ್ನೊಂದು ಕೆಲಸವನ್ನೂ ಮಾಡಿತು. ಯಾವ ಟಗರು ಯಾವ ಕುರಿಗಳ ಜೊತೆ, ಯಾವ ತಿಂಗಳಲ್ಲಿ ಇರಬೇಕು ಎಂಬುದು ಒಡೆಯನ ಕೈಗೆ ಬಂತು. ಬೆರಕೆಯ ವಿಷಯದಲ್ಲಿ ಅರ್ಧ ಕಥೆ ಈ ತಂತಿಯಲ್ಲೇ ಇದೆ ಎಂದು ನನಗನ್ನಿಸುತ್ತದೆ. ಆ ತಂತಿ ಬಂದದ್ದು ಇಲ್ಲಿನ ಮೂಲ ಪಶುಪಾಲಕರಾದ ಖೋಯಿಖೋಯಿ ಜನರ ಮೇವಿನ ಹಾದಿಗಳನ್ನು ಅವರಿಂದ ಕಿತ್ತುಕೊಂಡ ಮೇಲೆ ಎಂಬುದನ್ನೂ ಜೊತೆಗೇ ಹೇಳಬೇಕು.

ಕುರಿ ಈ ನೆಲಕ್ಕೆ ಬಂದು ಸುಮಾರು 2000 ವರ್ಷ. ಖೋಯಿಖೋಯಿಗಳ ಕುರಿಗೆ ಉಣ್ಣೆ ಇರಲಿಲ್ಲ. ಗಿಡ್ಡ ಕೂದಲು, ಕೊಬ್ಬು ತುಂಬಿದ ದಪ್ಪ ಬಾಲ, ಮೈ ನಾನಾ ಬಣ್ಣ. ಯುರೋಪಿನಿಂದ ಬಂದವರಿಗೆ ಅದು ಕುರಿಯಂತೆಯೇ ಕಾಣಲಿಲ್ಲ. 1789ರಲ್ಲಿ ಸ್ಪೇನ್ ಮೂಲದ ಮೆರಿನೋ ಕುರಿಗಳು ಕೇಪಿಗೆ ಬಂದವು, ಮುಂದಿನ ಶತಮಾನವೆಲ್ಲ ಉಣ್ಣೆಯದೇ ಆಯಿತು. ಆ ಉಣ್ಣೆಯ ಶತಮಾನದ ಉತ್ತರಾರ್ಧದಲ್ಲಿ, ದಕ್ಷಿಣದ ಕರಾವಳಿಗೆ ಬಂದ ಒಂದು ಹಡಗಿನಿಂದ ಕಪ್ಪು ತಲೆಯ ಕೆಲವೇ ಕುರಿಗಳು ಇಳಿದವು ಎಂದು ಹೇಳುತ್ತಾರೆ. ಸೊಮಾಲಿಯಾ ಕಡೆಯ ಕೂದಲು ಕುರಿಗಳವು. ಪರ್ಷಿಯಾದ್ದೆಂದು ತಿಳಿದು ಕರಿತಲೆ ಪರ್ಷಿಯನ್ ಎಂದು ಕರೆದರು, ಹೆಸರು ಹಾಗೇ ನಿಂತಿತು. ನೀರಿಲ್ಲದೆ ತಡೆದುಕೊಳ್ಳುವ, ಸಿಕ್ಕಿದ್ದನ್ನು ಮೇಯುವ, ಉಣ್ಣೆ ಕತ್ತರಿಸುವ ತಾಪತ್ರಯವಿಲ್ಲದ ಪ್ರಾಣಿ. ತೊಂದರೆ ಒಂದೇ. ಅದರ ಕೊಬ್ಬೆಲ್ಲ ಬಾಲದ ಬುಡದಲ್ಲಿ ಗುಡ್ಡೆ ಬೀಳುತ್ತಿತ್ತು, ಬೆನ್ನು ತೊಡೆಗಳಲ್ಲಿ ಮಾಂಸ ಕಡಿಮೆ.

ಈ ತೊಂದರೆ ದೊಡ್ಡದಾದದ್ದು 1930ರ ದಶಕದಲ್ಲಿ, ಲಂಡನ್ನಿನ ಸ್ಮಿತ್‌ಫೀಲ್ಡ್ ಮಾಂಸ ಮಾರುಕಟ್ಟೆಯ ಕಾರಣದಿಂದ. ಹೆಪ್ಪುಗಟ್ಟಿಸಿ ಕಳಿಸಿದ ದಕ್ಷಿಣ ಆಫ್ರಿಕಾದ ಕುರಿ ಅಲ್ಲಿನ ಕಟುಕರಿಗೆ ಹಿಡಿಸಲಿಲ್ಲ. ಬಾಲದ ಕೊಬ್ಬು ಅವರಿಗೆ ಬೇಕಿರಲಿಲ್ಲ. ಕರೂ ನಡುವಿನ ಮಿಡಲ್‌ಬರ್ಗ್ ಊರ ಪಕ್ಕದಲ್ಲಿ ಗ್ರೂಟ್‌ಫಾಂಟೈನ್ ಎಂಬ ಕೃಷಿ ಕಾಲೇಜಿದೆ. ಮೊದಲು ಬ್ರಿಟಿಷ್ ಸೇನೆಯ ಶಿಬಿರವಾಗಿದ್ದ ಜಾಗ, 1911ರಲ್ಲಿ ಕಾಲೇಜಾಯಿತು. ಹಲವು ಇಂಗ್ಲಿಷ್ ತಳಿಗಳ ಟಗರುಗಳನ್ನು ಸ್ಥಳೀಯ ಕುರಿಗಳಿಗೆ ಕೂಡಿಸಿ, ಯಾವ ಮರಿ ಆ ಪೊದೆಗಳ ಮೇಲೆ ಬದುಕಿ ಬೆಳೆಯುತ್ತದೆ ಎಂದು ಅಲ್ಲಿ ತೂಗಿ ನೋಡಿದರು. ಗೆದ್ದದ್ದು ಡಾರ್ಸೆಟ್ ಹಾರ್ನ್ ಟಗರು ಮತ್ತು ಕರಿತಲೆ ಪರ್ಷಿಯನ್ ಹೆಣ್ಣುಕುರಿಯ ಜೋಡಿ. ಡಾರ್ಸೆಟ್ಟಿನಿಂದ ಮಾಂಸಖಂಡ, ಬೆಳವಣಿಗೆ, ವರ್ಷದ ಬಹುತೇಕ ಕಾಲ ಗಬ್ಬ ಕಟ್ಟುವ ಗುಣ. ಪರ್ಷಿಯನ್ನಿನಿಂದ ತಾಳಿಕೆ, ತಾನಾಗಿ ಉದುರುವ ತುಪ್ಪಟ, ಕಪ್ಪು ತಲೆ. ಮೊದಲ ಸಂತಾನದಲ್ಲೇ ಕೈ ತೊಳೆದುಕೊಳ್ಳಲಿಲ್ಲ. ಬೆರಕೆಗೆ ಬೆರಕೆ ಕೂಡಿಸಿ, ಬೇಡವಾದದ್ದನ್ನು ಕಸಾಯಿಖಾನೆಗೆ ಕಳಿಸಿ, ಬೇಕಾದದ್ದನ್ನು ಉಳಿಸಿಕೊಂಡು ತಳಿಯಾಗಿ ನಿಲ್ಲಿಸಿದರು. 1950ರಲ್ಲಿ ತಳಿಗಾರರ ಸಂಘ ಹುಟ್ಟಿತು. ಒಳ್ಳೆಯ ಮೇವಿದ್ದರೆ ಮೂರೂವರೆ ನಾಲ್ಕು ತಿಂಗಳಲ್ಲಿ ಮರಿ 36 ಕೆಜಿ ತೂಗುತ್ತದೆ. ನಮ್ಮ ಬನ್ನೂರು ಟಗರು ವಯಸ್ಸಿಗೆ ಬಂದ ಮೇಲೆ ತೂಗುವುದು ಹೆಚ್ಚುಕಡಿಮೆ ಅಷ್ಟೇ.

ಇನ್ನು ಬಣ್ಣ. ಸಂಘ ಬರೆದಿಟ್ಟ ಲಕ್ಷಣಗಳನ್ನು ಓದಿದರೆ ಮೊದಮೊದಲು ನಗು ಬರುತ್ತದೆ. ಕಪ್ಪು ತಲೆ ಕತ್ತಿಗೆ ಸೀಮಿತವಾಗಿರಬೇಕು. ಮೈ ಕಾಲುಗಳಲ್ಲಿ ಕೆಲವು ಮಚ್ಚೆ ಇದ್ದರೆ ಕ್ಷಮೆ ಉಂಟು. ಪೂರ್ತಿ ಬಿಳಿಯೂ ಬೇಡ, ಹೆಚ್ಚು ಕಪ್ಪೂ ಬೇಡ. ಕಣ್ಣಿನ ಸುತ್ತ ಕಂದು ಕೂದಲು, ಬಿಳಿ ಗೊರಸು, ಬಿಳಿ ಮೊಲೆತೊಟ್ಟು ದೋಷ. ನಮ್ಮಲ್ಲಿ ಎತ್ತಿನ ಸುಳಿ ನೋಡುವವರ ಮಾತಿನಂತೆ ಇದೆ. ಆದರೆ ಎಲ್ಲವೂ ಹುರುಳಿಲ್ಲದ ಮಾತಲ್ಲ. ಸುಡುವ ಬಿಸಿಲಿನ ನಾಡಿನಲ್ಲಿ ಕಣ್ಣಿನ ಸುತ್ತ, ಕೆಚ್ಚಲ ಮೇಲೆ, ಬಾಲದಡಿಯ ಬೋಳು ಚರ್ಮದಲ್ಲಿ ಕಪ್ಪು ಇದ್ದರೆ ಚರ್ಮ ಸುಡುವುದಿಲ್ಲ; ಮೈಮೇಲಿನ ಬಿಳಿ ಕೂದಲು ಶಾಖವನ್ನು ಹಿಂದಕ್ಕೆ ಕಳಿಸುತ್ತದೆ. ಅಲ್ಲಿಗೆ ಬಣ್ಣದ ಉಪಯೋಗ ಮುಗಿಯಿತು. ಕಪ್ಪು ಕತ್ತಿನಲ್ಲಿ ಎಲ್ಲಿಗೆ ನಿಲ್ಲಬೇಕು ಎಂಬುದಕ್ಕೂ ಮರಿಯ ತೂಕಕ್ಕೂ ಸಂಬಂಧವಿಲ್ಲ. ಅದಕ್ಕೆ ಸಾಕ್ಷಿ ಅದೇ ನಾಡಿನ ಬಿಳಿ ಡಾರ್ಪರ್. ಬಿಳಿ ತಲೆಯ ಬೆರಕೆಗಳನ್ನು ಇಷ್ಟಪಟ್ಟ ಕೆಲವರು ಅದನ್ನೇ ಆರಿಸಿ ಬೆಳೆಸಿದರು, ಮೊದಲು ಬೇರೆ ಹೆಸರಿಟ್ಟಿದ್ದರು, ಆಮೇಲೆ ಎರಡೂ ಒಂದೇ ಸಂಘದೊಳಗೆ ಬಂದವು. ಬೆಳವಣಿಗೆಯಲ್ಲಿ ಹೇಳಿಕೊಳ್ಳುವ ಭೇದವಿಲ್ಲ, ಆಯ್ಕೆ ಸಾಕುವವರ ಕಣ್ಣಿನದು. ಡಾರ್ಪರ್ ಚರ್ಮಕ್ಕೆ ಒಳ್ಳೆಯ ಬೆಲೆ ಇದೆ, ಕೈಗವಸು ಮಾಡುವವರು ಹುಡುಕಿಕೊಂಡು ಬರುತ್ತಾರೆ. ಆದರೆ ಹದ ಮಾಡುವಾಗ ಕೂದಲೇ ಹೋಗುವುದರಿಂದ ಅವರಿಗೂ ಕಪ್ಪು ಬಿಳುಪಿನ ಗೊಡವೆಯಿಲ್ಲ.

ಹಾಗಾದರೆ ಬಣ್ಣಕ್ಕೆ ಅಷ್ಟು ಬೆಲೆ ಯಾಕೆ? ಬಣ್ಣ ದೂರದಿಂದಲೇ ಕಾಣುತ್ತದೆ. ದಾಖಲೆ ಪುಸ್ತಕ ತೆರೆಯದೆ ಇದು ಇಂಥ ಟಗರಿನ ಮರಿ ಎಂದು ಹೇಳಿಬಿಡಬಹುದು. ಅಪಾಯ ಇರುವುದೂ ಇಲ್ಲೇ. ಬಣ್ಣವನ್ನು ಆಳುವುದು ಕೆಲವೇ ವಂಶವಾಹಿಗಳು. ಬೆಳವಣಿಗೆ, ಹಾಲು, ರೋಗ ತಡೆಯುವ ಶಕ್ತಿಯನ್ನು ಆಳುವುದು ನೂರಾರು. ಬಣ್ಣ ಒಂದೆರಡು ತಲೆಮಾರಿನಲ್ಲಿ ಕೈಗೆ ಬರುತ್ತದೆ, ಉಳಿದದ್ದು ಬರುವುದಿಲ್ಲ. ಹೀಗಾಗಿ ತಲೆ ಅಚ್ಚುಕಟ್ಟಾಗಿ ಕಪ್ಪಾಗಿದ್ದು ಒಳಗೆ ಏನೂ ಇಲ್ಲದ ಟಗರನ್ನು ತಯಾರಿಸುವುದು ಬಹಳ ಸುಲಭ. ಹಲವು ತಳಿಗಳಲ್ಲಿ ಬಿಳಿ ಮೇಲುಗೈ ಆಗಿ ಕಪ್ಪು ಒಳಗೆ ಅಡಗಿ ಕೂತಿರುತ್ತದೆ, ಎರಡು ಬಿಳಿ ಕುರಿಗಳಿಗೆ ಒಂದು ಕಪ್ಪು ಮರಿ ಹುಟ್ಟಿದರೆ ಅದರಲ್ಲಿ ಕಳ್ಳಬೆರಕೆ ಏನೂ ಇರಬೇಕಾಗಿಲ್ಲ. ಬಣ್ಣ ಕಂಡು ತಳಿ ಕೆಟ್ಟಿತೆಂದು ಒಳ್ಳೆಯ ತಾಯಿಯನ್ನು ಮಾರುವುದು, ಬಣ್ಣ ಕಂಡು ತಳಿ ಬಂತೆಂದು ಕೆಟ್ಟ ಟಗರನ್ನು ಇಟ್ಟುಕೊಳ್ಳುವುದು, ಎರಡೂ ಒಂದೇ ತಪ್ಪು. ನಮ್ಮ ಪಕ್ಕದ ಆಂಧ್ರದ ನೆಲ್ಲೂರು ಕುರಿಯವರು ಈ ವಿಷಯದಲ್ಲಿ ಹೆಚ್ಚು ನಿರಾಳ. ಬಿಳಿಯದು ಪಲ್ಲ, ಮೂತಿ ಕಣ್ಣುಗಳ ಬಳಿ ಕಪ್ಪು ಮಚ್ಚೆಯದು ಜೋಡಿಪಿ, ಕೆಂಗಂದು ಬಣ್ಣದ್ದು ದೊರ. ಮೂರು ಹೆಸರು ಇಟ್ಟುಕೊಂಡು ಮೂರನ್ನೂ ಒಂದೇ ತಳಿಯೆಂದು ಸಾಕುತ್ತಾರೆ.

ಬಣ್ಣ ಗುಣವನ್ನು ಹೇಳುವುದಿಲ್ಲ ಎಂಬ ಮಾತಿಗೆ ಕರೂವಿನಲ್ಲಿ ಊಟಕ್ಕೆ ಕೂತರೆ ಇನ್ನೊಂದು ಪುರಾವೆ ಸಿಗುತ್ತದೆ. ಪಕ್ಕೆಲುಬಿನ ತುಂಡನ್ನು ಕೆಂಡದ ಮೇಲೆ ಸುಟ್ಟು ಕೊಡುತ್ತಾರೆ. ಉಪ್ಪು ಬಿಟ್ಟರೆ ಮಸಾಲೆ ಇಲ್ಲವೆನ್ನುವಷ್ಟು ಕಡಿಮೆ. ಆದರೂ ಮಾಂಸದೊಳಗಿಂದ ಗಿಡಮೂಲಿಕೆಯಂಥ ಘಮ ಏಳುತ್ತದೆ. ಅದು ಅಲ್ಲಿನ ಪೊದೆಗಳದು. ಕರೂ ಮಾಂಸವೆಂದು ಮುದ್ರೆ ಹಾಕಿಸಿಕೊಳ್ಳಲು ಕುರಿ ಆ ಪೊದೆಗಳನ್ನು ಬಯಲಿನಲ್ಲಿ ಮೇದು ಬೆಳೆದಿರಬೇಕು. ಅದು ಡಾರ್ಪರೋ ಮೆರಿನೋ ಎಂಬುದು ಲೆಕ್ಕಕ್ಕಿಲ್ಲ. ಕೊಟ್ಟಿಗೆಯಲ್ಲಿ ಜೋಳ ತಿನ್ನಿಸಿದ ಕರಿತಲೆ ಕುರಿಗೆ ಆ ಮುದ್ರೆ ಇಲ್ಲ. ಹೊಸತೊಡಕಿಗೆ ಬನ್ನೂರು ಮಾಂಸವೇ ಬೇಕೆಂದು ಮುಂಜಾನೆಯಿಂದ ಸಾಲು ನಿಲ್ಲುವ ಮಂಡ್ಯ ಮೈಸೂರಿನವರು ಇದನ್ನು ಪೂರ್ತಿ ಒಪ್ಪಲಿಕ್ಕಿಲ್ಲ. ಬನ್ನೂರು ಕುರಿಯ ಮಾಂಸದ ನಡುವೆ ಎಳೆಯಾಗಿ ಹರಡುವ ಕೊಬ್ಬು ತಳಿಯದೇ ಗುಣ, ಅವರ ಮಾತಿನಲ್ಲೂ ಹುರುಳಿದೆ. ತಳಿಯೂ ಬೇಕು, ನೆಲವೂ ಬೇಕು. ಬಣ್ಣ ಮಾತ್ರ ನಾಲಿಗೆಗೆ ತಾಗುವುದಿಲ್ಲ.

ಈಗ ಗಾತ್ರದ ಲೆಕ್ಕ. ಎರಡು ತಳಿ ಕೂಡಿಸಿದರೆ ಮರಿ ತಂದೆತಾಯಿಗಳ ಸರಾಸರಿಗಿಂತ ಚುರುಕಾಗಿ ಬೆಳೆಯುತ್ತದೆ. ಇದನ್ನು ಎಲ್ಲರೂ ಬಲ್ಲರು. ಎಷ್ಟು ಹೆಚ್ಚು ಎಂದು ಕೇಳಿದರೆ ಉತ್ತರ ಅಚ್ಚರಿ ಹುಟ್ಟಿಸುತ್ತದೆ. ಕುರಿ ಬೆರಕೆಯ ಹತ್ತಾರು ಪ್ರಯೋಗಗಳ ಫಲವನ್ನು 1978ರಲ್ಲಿ ನಿಟ್ಟರ್ ಎಂಬ ವಿಜ್ಞಾನಿ ಒಟ್ಟುಗೂಡಿಸಿ ನೋಡಿದರು. ಹಾಲು ಬಿಡಿಸುವ ಹೊತ್ತಿಗೆ ಬೆರಕೆ ಮರಿಯ ತೂಕದಲ್ಲಿ ಬೆರಕೆಯ ಕಾರಣಕ್ಕೇ ಬಂದ ಹೆಚ್ಚಳ ನೂರಕ್ಕೆ ಸುಮಾರು 5. ಅಷ್ಟೇ. ಆದರೆ ಬೆರಕೆ ಮರಿಗಳು ಸಾಯುವುದು ಕಡಿಮೆ. ಅದನ್ನೂ ಸೇರಿಸಿ, ಟಗರಿಗೆ ಬಿಟ್ಟ ಒಂದೊಂದು ಹೆಣ್ಣುಕುರಿಯಿಂದ ಕೊನೆಗೆ ಕೈಗೆ ಬಂದ ಒಟ್ಟು ಮರಿತೂಕ ಲೆಕ್ಕ ಹಾಕಿದರೆ ಹೆಚ್ಚಳ ನೂರಕ್ಕೆ 18ರ ಹತ್ತಿರ. ತಾಯಿಯೂ ಬೆರಕೆಯಾಗಿದ್ದರೆ ಅದರ ಮೇಲೆ ಇನ್ನೊಂದು 18. ಅಂದರೆ ಸಂತೆಯಲ್ಲಿ ಬೆನ್ನು ಸವರಿ ನೋಡುವ ದೊಡ್ಡ ಮರಿ ಲಾಭದ ಚಿಕ್ಕ ಭಾಗ; ಸಾಯದೇ ಉಳಿದ ಮರಿ, ಹಾಲು ಕೊಟ್ಟ ತಾಯಿ, ಖಾಲಿ ಹೋಗದ ಗಬ್ಬ, ಇವು ದೊಡ್ಡ ಭಾಗ. ಇನ್ನೊಂದು ವಿಷಯವಿದೆ. ಮೊದಲ ಬೆರಕೆಯ ಮರಿಗಳನ್ನೇ ತಮ್ಮತಮ್ಮಲ್ಲಿ ಕೂಡಿಸಿದರೆ ಈ ಹೆಚ್ಚಳದಲ್ಲಿ ಅರ್ಧ ಕರಗಿಹೋಗುತ್ತದೆ. ಅದನ್ನು ಮತ್ತೆ ಪಡೆಯಲು ಶುದ್ಧ ತಳಿಯ ತಾಯಿ ಮತ್ತೆ ಬೇಕು. ಅವಳನ್ನು ಆಗಲೇ ಮಾರಿಬಿಟ್ಟಿದ್ದರೆ?

ಈ ಪ್ರಶ್ನೆಗೆ ಉತ್ತರ ಕೆನ್ಯಾದಲ್ಲಿದೆ. ನೈರೋಬಿಯಿಂದ ದಕ್ಷಿಣಕ್ಕೆ ಕಾಜಿಯಾಡೊ ಕಡೆ ಇಳಿದರೆ ಜಾಲಿಮರಗಳ ಬಯಲು, ಮಣ್ಣು ಕೆಂಪು, ಮಾಸಾಯಿಗಳ ಹೊದಿಕೆ ಕೆಂಪು. ಅವರ ಕುರಿಯೂ ಕೆಂಪಾಗಿಯೇ ಇತ್ತು. ಕೆಂಪು ಮಾಸಾಯಿ ಎಂಬ ಕೂದಲು ಕುರಿ ಒಂದು ಕಾಲಕ್ಕೆ ಆ ದೇಶದ ಹುಲ್ಲುಗಾವಲಿನಲ್ಲೆಲ್ಲ ಇತ್ತು. ಈಗ ರಸ್ತೆಯ ಪಕ್ಕದ ಮಂದೆಯಲ್ಲಿ ಬಿಳಿ, ಕಪ್ಪು ತಲೆ, ಕೆಂಪು ಮಚ್ಚೆ, ಅರೆಗೆಂಪು ಎಲ್ಲ ಕಲಸಿಹೋಗಿವೆ. 1970ರ ದಶಕದಲ್ಲಿ ಸರ್ಕಾರದ ಯೋಜನೆಯ ಮೂಲಕ ಡಾರ್ಪರ್ ಟಗರುಗಳು ಊರೂರಿಗೆ ಹೋದವು. ಮೊದಲ ಬೆರಕೆ ಮರಿಗಳು ಎದ್ದು ಕಾಣುವಷ್ಟು ದೊಡ್ಡವಾದವು. ಎಲ್ಲರೂ ಅದನ್ನೇ ಬಯಸಿದರು, ಬೆರಕೆಗೆ ಮತ್ತೆ ಡಾರ್ಪರ್, ಅದಕ್ಕೆ ಮತ್ತೆ ಡಾರ್ಪರ್. ಮೂಲ ತಳಿಯ ಮಂದೆಯನ್ನು ಉಳಿಸುವ ಏರ್ಪಾಡನ್ನು ಯಾರೂ ಮಾಡಲಿಲ್ಲ. ಮುಂದೆ ಸಂಶೋಧಕರಿಗೆ ಶುದ್ಧ ಕೆಂಪು ಮಾಸಾಯಿ ಬೇಕಾದಾಗ ಹುಡುಕಾಡಬೇಕಾಯಿತು. ಇದರಿಂದ ಪಶುಪಾಲಕರಿಗೆ ತಳಿಯ ಅರಿವಿಲ್ಲ ಎಂದು ತೀರ್ಮಾನಿಸುವುದು ಅನ್ಯಾಯ. ಬೇಡದ ಕಾಲದಲ್ಲಿ ಟಗರು ಏರದಂತೆ ಅದರ ಹೊಟ್ಟೆಯಡಿಗೆ ಚರ್ಮದ ಪಟ್ಟಿ ಕಟ್ಟುವ ಪದ್ಧತಿ ಮಾಸಾಯಿಗಳದ್ದೇ. ಮರಿ ಯಾವ ತಿಂಗಳಲ್ಲಿ ಹುಟ್ಟಬೇಕೆಂದು ಅವರು ಶತಮಾನಗಳಿಂದ ಲೆಕ್ಕ ಹಾಕಿದವರು. ಅವರಿಗೆ ಸಿಗದೆ ಹೋದದ್ದು ಟಗರಿನ ಜೊತೆ ಬರಬೇಕಿದ್ದ ಎರಡನೇ ಮಾತು: ಎಲ್ಲಿ ನಿಲ್ಲಿಸಬೇಕು ಎಂಬುದು.

ಮೊಂಬಾಸಾ ದಾಟಿ ದಕ್ಷಿಣದ ಡಿಯಾನಿ ಕರಾವಳಿಗೆ ಬಂದರೆ ತೆಂಗು, ಮಾವು, ಗೇರು, ಗಾಳಿಯಲ್ಲಿ ನೀರು. ಸುಟ್ಟ ಮಾಂಸದ ಜೊತೆ ಬರುವ ಉಗಾಲಿ ನಮ್ಮ ಮುದ್ದೆಯ ಮೆಕ್ಕೆಜೋಳದ ತಮ್ಮ, ಮುರಿದು ಸಾರಿಗೆ ಅದ್ದಿ ತಿನ್ನುವುದರಲ್ಲೂ ಹೊಸದೇನಿಲ್ಲ. ಪ್ರವಾಸಿಗಳು ಕಡಲು ನೋಡಲು ಹೋಗುವ ಈ ಸೀಮೆಯ ಒಂದು ಎಸ್ಟೇಟಿನಲ್ಲಿ 1990ರ ದಶಕದಲ್ಲಿ ನೈರೋಬಿಯ ಅಂತರರಾಷ್ಟ್ರೀಯ ಜಾನುವಾರು ಸಂಶೋಧನಾ ಸಂಸ್ಥೆ ಕೆಂಪು ಮಾಸಾಯಿ, ಡಾರ್ಪರ್ ಮತ್ತು ಅವುಗಳ ಬೆರಕೆಯನ್ನು ವರ್ಷಗಟ್ಟಲೆ ಒಂದೇ ಹುಲ್ಲಿನ ಮೇಲೆ ಸಾಕಿ ನೋಡಿತು. ಬಿಸಿಯೂ ತೇವವೂ ಇರುವ ಹುಲ್ಲಿನಲ್ಲಿ ಹೀಮಾಂಕಸ್ ಎಂಬ ಜಂತು ಹೆಚ್ಚು. ಕುರಿಯ ಹೊಟ್ಟೆಗೆ ಕಚ್ಚಿಕೊಂಡು ರಕ್ತ ಹೀರುತ್ತದೆ, ಕಣ್ಣಿನ ಒಳರೆಪ್ಪೆ ಬಿಳಿಚುತ್ತದೆ, ಗದ್ದ ಊದುತ್ತದೆ, ಮರಿ ಸಾಯುತ್ತದೆ. ಡಾರ್ಪರ್ ಮರಿಗಳು ದೊಡ್ಡವಾಗಿಯೇ ಇದ್ದವು, ಸತ್ತವುಗಳ ಲೆಕ್ಕದಲ್ಲೂ ಅವೇ ಮುಂದೆ. ಬದುಕುಳಿದ ಮರಿಗಳ ಒಟ್ಟು ತೂಕ ತೆಗೆದರೆ ಕೆಂಪು ಮಾಸಾಯಿಯ ಮಂದೆ ಹಲವು ಪಟ್ಟು ಮೇಲೆ ನಿಂತಿತು. ಮಳೆ ಕಡಿಮೆಯ ಒಣ ಸೀಮೆಯಲ್ಲಿ ನೋಡಿದಾಗ ಈ ಅಂತರ ಬಹುತೇಕ ಮಾಯವಾಯಿತು. ಡಾರ್ಪರ್ ಕೆಟ್ಟ ತಳಿ ಅಲ್ಲ. ಅದು ಕರೂವಿನ ತಳಿ. ಜಂತು ಬದುಕದಷ್ಟು ಒಣಗಿದ ನೆಲದಲ್ಲಿ ರೂಪುಗೊಂಡದ್ದು.

ಇದಕ್ಕೆ ಬರುವ ಆಕ್ಷೇಪ ನ್ಯಾಯವಾದದ್ದೇ. ಡಾರ್ಪರ್ ತಾನೇ ಒಂದು ಬೆರಕೆ, ಹಾಗಿರುವಾಗ ಶುದ್ಧ ತಳಿಯ ಜಪ ಯಾಕೆ? ಶುದ್ಧತೆಯಲ್ಲಿ ಪುಣ್ಯವೇನೂ ಇಲ್ಲ ಎಂದು ನಾನೂ ಒಪ್ಪುತ್ತೇನೆ. ಬೆರಕೆಯಿಂದ ತಳಿ ಕಟ್ಟುವುದು ಬೇರೆ, ಬೆರಕೆಯಲ್ಲಿ ತಳಿ ಕಳೆಯುವುದು ಬೇರೆ, ನನ್ನ ಮಾತು ಅಷ್ಟೇ. ಗ್ರೂಟ್‌ಫಾಂಟೈನಿನವರ ಬಳಿ ಬೇಲಿ ಇತ್ತು, ತಕ್ಕಡಿ ಇತ್ತು, ದಾಖಲೆ ಇತ್ತು, ಬೇಡವಾದ ಮರಿಯನ್ನು ತೆಗೆದುಹಾಕುವ ಗಟ್ಟಿತನ ಇತ್ತು, ತಪ್ಪಿದರೆ ಹಿಂದಿರುಗಲು ಪರ್ಷಿಯನ್ ಮಂದೆಯೂ ಇತ್ತು. ಕಾಜಿಯಾಡೊಗೆ ಹೋದದ್ದು ಬರೀ ಟಗರು. ಇನ್ನೊಂದು ಆಕ್ಷೇಪ ಬಡವನದು. ಮುಂದಿನ ತಲೆಮಾರಿನ ಮಾತು ಬೇಡ, ಈ ವರ್ಷದ ಬಕ್ರೀದಿಗೆ ದೊಡ್ಡ ಮರಿಗೆ ಹೆಚ್ಚು ದುಡ್ಡು ಬರುತ್ತದಲ್ಲ? ಬರುತ್ತದೆ, ಬರಲಿ. ಮಂದೆಯ ಒಂದು ಪಾಲಿಗೆ ಹೊರಗಿನ ಟಗರು ಬಿಟ್ಟು, ಹುಟ್ಟಿದ್ದನ್ನೆಲ್ಲ ಗಂಡು ಹೆಣ್ಣೆನ್ನದೆ ಮಾಂಸಕ್ಕೇ ಮಾರಿ, ಉಳಿದ ಪಾಲಿನಲ್ಲಿ ಮೂಲ ತಳಿಯ ಟಗರಿನಿಂದ ಮುಂದಿನ ತಾಯಿಯರನ್ನು ಬೆಳೆಸಿದರೆ ಈ ವರ್ಷದ ದುಡ್ಡೂ ಸಿಗುತ್ತದೆ, ತಾಯಿಯ ತಳಿಯೂ ಕೆಡುವುದಿಲ್ಲ. ಚೆಂದ ಕಂಡ ಬೆರಕೆ ಹೆಣ್ಣುಮರಿಯನ್ನು ಮನೆಗೆ ಇಟ್ಟುಕೊಳ್ಳುವ ಆಸೆಯನ್ನು ತಡೆಯುವುದೇ ಇದರಲ್ಲಿ ಕಷ್ಟ. ಅದು ಸಣ್ಣ ಕಷ್ಟವಲ್ಲ.

ಊರಿಗೆ ಮರಳಿದ ಮೇಲೆ ಇವೆಲ್ಲ ಪರದೇಶದ ಮಾತಾಗಿ ಉಳಿಯುವುದಿಲ್ಲ. ಈಚಿನ ವರ್ಷಗಳಲ್ಲಿ ಡಾರ್ಪರ್ ಟಗರು ಕರ್ನಾಟಕಕ್ಕೂ ಬಂದಿದೆ, ಕಣ್ಣು ಕೋರೈಸುವ ಬೆಲೆಗೆ. ಹೊಸ ಪ್ರಯೋಗವೂ ಅಲ್ಲ ಇದು. 1970ರ ದಶಕದಲ್ಲಿ ಅಖಿಲ ಭಾರತ ಕುರಿ ಸುಧಾರಣಾ ಯೋಜನೆಯಡಿ ಆಂಧ್ರದ ಪಲಮನೇರಿನಲ್ಲಿ ನೆಲ್ಲೂರು ಕುರಿಗಳಿಗೆ ಡಾರ್ಸೆಟ್, ಸಫೋಕ್ ಟಗರು ಕೂಡಿಸಿದ್ದರು. ಹಟ್ಟಿಗಳಲ್ಲಿ ಆ ಬೆರಕೆ ಬೇರು ಬಿಡಲಿಲ್ಲ, 1990ರಿಂದ ಯೋಜನೆಯ ಒತ್ತೇ ದೇಸಿ ತಳಿಗಳೊಳಗಿನ ಆಯ್ಕೆಯ ಕಡೆಗೆ ತಿರುಗಿತು. ಈ ಸಲ ಕರಿತಲೆ ಟಗರು ರಾಯಚೂರು, ಕೊಪ್ಪಳದ ಒಣ ಬಯಲಿಗೆ ಹೋಗಿ ಕೆಂಗುರಿಯ ಜೊತೆ ಕೂಡಿದರೆ ಒಂದು ಫಲ, ನಾಲೆ ನೀರಿನ ಮಳವಳ್ಳಿ ಮದ್ದೂರಿನ ಬದುಗಳಲ್ಲಿ ಬನ್ನೂರು ಕುರಿಯ ಜೊತೆ ಕೂಡಿದರೆ ಇನ್ನೊಂದು ಫಲ. ಕೆಂಗುರಿಯ ಸೀಮೆ ಕಾಜಿಯಾಡೊಗೆ ಹತ್ತಿರ, ಮಂಡ್ಯದ ಗದ್ದೆ ಬಯಲು ಡಿಯಾನಿಗೆ ಹತ್ತಿರ. ಜಂತು, ಮಳೆಗಾಲದ ನೀಲಿ ನಾಲಿಗೆ ರೋಗ, ಎರಡೂ ಟಗರಿನ ಬೆಲೆ ಕೇಳಿ ಹಿಂದೆ ಸರಿಯುವಂಥವಲ್ಲ. ಬನ್ನೂರು ತಳಿಯಂತೂ ಬೇರೆ ಟಗರುಗಳ ಬೆರಕೆಯಿಂದ ಆಗಲೇ ತೆಳುವಾಗಿದೆ. ಅದನ್ನು ಉಳಿಸಲೆಂದೇ ಮಳವಳ್ಳಿ ತಾಲ್ಲೂಕಿನ ಧನಗೂರಿನಲ್ಲಿ ಸರ್ಕಾರ ಫಾರಂ ನಡೆಸುತ್ತಿದೆ. ಗಿಡ್ಡ ಕಾಲು, ಪೀಪಾಯಿಯಂಥ ಮೈ, ಮುಖಕ್ಕೆ ತಿಳಿ ಕಂದು. ಆ ಕಂದು ಮುಖವನ್ನು ನಂಬಿ ಬೆರಕೆ ಮರಿಯನ್ನು ಬನ್ನೂರೆಂದು ಕೊಳ್ಳುವವರಿಗೆ ಕಡಿಮೆಯಿಲ್ಲ.

ದೊಡ್ಡ ಮರಿಯೇ ಬೇಕೆಂದಿಲ್ಲ, ಹೆಚ್ಚು ಮರಿಯಾದರೂ ಆದೀತು ಎಂಬ ದಾರಿಯನ್ನು ಮಹಾರಾಷ್ಟ್ರದ ಫಲ್ಟಣದ ನಿಂಬ್ಕರ್ ಕೃಷಿ ಸಂಶೋಧನಾ ಸಂಸ್ಥೆ ತೋರಿಸಿದೆ. ಸುಂದರಬನದ ಗರೋಲ್ ಎಂಬ ಪುಟ್ಟ ಕುರಿಯಿಂದ ಅವಳಿ ಮರಿ ತರುವ ಒಂದೇ ಒಂದು ವಂಶವಾಹಿಯನ್ನು ಡೆಕ್ಕನಿ ಕುರಿಗೆ ದಾಟಿಸಿ, ಗರೋಲಿನ ಗಿಡ್ಡ ಮೈಯನ್ನು ಹಂತಹಂತವಾಗಿ ತೆಗೆದುಹಾಕಿ ನಾರಿ ಸುವರ್ಣ ತಳಿಯನ್ನು ಕಟ್ಟಿದರು. ಎರಡು ಸಣ್ಣ ಮರಿ ಸೇರಿದರೆ ಒಂದು ದೊಡ್ಡ ಮರಿಗಿಂತ ಹೆಚ್ಚು ತೂಗುತ್ತವೆ, ಹಾಲಿದ್ದರೆ ಮಾತ್ರ. ಈ ಬೆರಕೆಯಲ್ಲಿ ಕಣ್ಣಿಗೆ ಕಾಣುವುದು ಏನೂ ಇಲ್ಲ, ರಕ್ತ ಪರೀಕ್ಷೆ ಮಾಡಿಸಿಯೇ ಟಗರು ಆರಿಸಬೇಕು. ನಮ್ಮ ಸಂತೆಗಳಲ್ಲಿ ಇನ್ನೂ ಬಹುಪಾಲು ಕುರಿ ಮಾರಾಟವಾಗುವುದು ಕಣ್ಣಂದಾಜಿನಲ್ಲಿ: ಬೆನ್ನು ಹಿಡಿದು, ಎತ್ತರ ನೋಡಿ, ಮುಖದ ಬಣ್ಣ ನೋಡಿ. ತಕ್ಕಡಿಗೆ ಹಾಕಿ ತೂಕಕ್ಕೆ ದುಡ್ಡು ಕೊಟ್ಟರೆ ಬಣ್ಣದ ಬೆಲೆ ಅಂದೇ ಇಳಿದೀತು. ತಾಯಿಯ ಬೆಲೆ ಏರಬೇಕಾದರೆ ತಕ್ಕಡಿಯೂ ಸಾಲದು, ಈ ಕುರಿ ಮೂರು ವರ್ಷದಲ್ಲಿ ಎಷ್ಟು ಮರಿ ಈದಿತು, ಎಷ್ಟು ಉಳಿದವು ಎಂದು ಕೊಳ್ಳುವವರು ಕೇಳಬೇಕು, ಸಾಕುವವರು ಬರೆದಿಟ್ಟಿರಬೇಕು. ಮಂದೆಯ ಒಂದೊಂದು ಕುರಿಯ ಹೆರಿಗೆಯನ್ನೂ ನೆನಪಿನಲ್ಲಿಟ್ಟುಕೊಂಡಿರುವ ಕುರಿಗಾಹಿಗಳು ನಮ್ಮಲ್ಲಿ ಈಗಲೂ ಇದ್ದಾರೆ. ಸಂತೆಯಲ್ಲಿ ಅದನ್ನು ಅವರಿಂದ ಯಾರೂ ಕೇಳುವುದಿಲ್ಲ.